ಹತ್ತಕ್ಕೆ ಒಂದು

ಮಹಬೂಲಾ ಅಂದರೆ ಅರಬ್ಬಿಯಲ್ಲಿ ಹುಚ್ಚಿ. ಯಾವ ಹುಚ್ಚಿ, ಅವಳಿಗೆ ಹುಚ್ಚು ಹಿಡಿದದ್ದು ಯಾಕೆ ಎಂದು ಕೇಳಿದರೆ ಇಲ್ಲಿನ ಒಬ್ಬೊಬ್ಬ ಟ್ಯಾಕ್ಸಿಯವನೂ ಒಂದೊಂದು ಕಥೆ ಹೇಳುತ್ತಾನೆ. ನಾನು ಯಾವುದನ್ನೂ ನಂಬಿಲ್ಲ. ಊರು ಮಾತ್ರ ಹೆಸರಿಗೆ ಮೋಸ ಮಾಡಿಲ್ಲ. ಒಂದು ಪಕ್ಕ ಫಹಾಹೀಲ್ ಹೆದ್ದಾರಿ, ಇನ್ನೊಂದು ಪಕ್ಕ ಸಮುದ್ರ, ನಡುವೆ ಗಾಳಿಯಾಡಲೂ ಜಾಗವಿಲ್ಲದ ಹಾಗೆ ಎದ್ದು ನಿಂತ ಕಟ್ಟಡಗಳು. ಅವುಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಮರಳಿನ ಖಾಲಿ ಸೈಟು. ಹಗಲು ಅದು ಕಾರು ನಿಲ್ಲಿಸುವ ಜಾಗ, ಶುಕ್ರವಾರ ಬೆಳಿಗ್ಗೆ ಹುಡುಗರ ಕ್ರಿಕೆಟ್ ಮೈದಾನ, ಚಳಿಗಾಲದ ರಾತ್ರಿ ನಮ್ಮಂಥವರ ಹರಟೆಕಟ್ಟೆ.

ನಮ್ಮ ಕಟ್ಟಡದ ಹಿಂದಿನ ಅಂಥದ್ದೇ ಒಂದು ಸೈಟಿನಲ್ಲಿ 2023ರ ಮಾರ್ಚ್ 4ರ ರಾತ್ರಿ ನಾವು ನಾಲ್ವರು ಅಗ್ಗಿಷ್ಟಿಕೆಯ ಸುತ್ತ ಕೂತಿದ್ದೆವು. ಅಗ್ಗಿಷ್ಟಿಕೆ ಅಂದರೆ ದೊಡ್ಡದೇನಲ್ಲ. ಹಾರಿಸ್ ಒಂದು ಹಳೇ ಎಣ್ಣೆ ಡಬ್ಬವನ್ನು ಅರ್ಧಕ್ಕೆ ಕತ್ತರಿಸಿ, ಪಕ್ಕದಲ್ಲಿ ಮೊಳೆಯಿಂದ ತೂತು ಕೊರೆದು ಮಾಡಿಕೊಂಡದ್ದು. ಹಾರಿಸ್ ಅಂದರೆ ಕಟ್ಟಡದ ಕಾವಲುಗಾರ. ನಮ್ಮವನು ಬಾಂಗ್ಲಾದೇಶದ ಬರಿಶಾಲ್ ಕಡೆಯವನು. ಇನ್ನೊಬ್ಬ ನನ್ನ ರೂಮಿನ ಹಾವೇರಿ ಹುಡುಗ, ಎಸಿ ಮೆಕ್ಯಾನಿಕ್. ಮತ್ತೊಬ್ಬರು ಚಾಚಾ.

ಚಾಚಾ ಬೆಂಗಳೂರು ಶಿವಾಜಿನಗರದವರು, ದರ್ಜಿಯ ಮಗ. 1970ರಲ್ಲಿ ಮುಂಬಯಿಯಿಂದ ‘ದ್ವಾರಕಾ’ ಹಡಗು ಹತ್ತಿ ಕುವೈತಿಗೆ ಬಂದವರು. ಗ್ಯಾರೇಜು, ಲಾರಿ, ಕೊನೆಗೆ ಸ್ಟೋರ್ ಕೀಪರ್ ಕೆಲಸ. 1990ರಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಎಲ್ಲ ಬಿಟ್ಟು ಜೋರ್ಡನ್ ದಾರಿ ಹಿಡಿದು, ಅಮ್ಮಾನಿನಿಂದ ವಿಮಾನ ಹತ್ತಿ ಊರು ಸೇರಿದವರ ಪೈಕಿ ಅವರೂ ಒಬ್ಬರು. ಆ ರಾತ್ರಿಯ ಹೊತ್ತಿಗೆ ಮತ್ತೆ ಇಲ್ಲೇ, ಮಗನ ಮನೆಯಲ್ಲಿ, ಐದನೇ ಮಹಡಿಯಲ್ಲಿ ಇದ್ದರು. ಲಿಫ್ಟು ಕೆಟ್ಟ ದಿನ ಮಾತ್ರ ಕೆಳಗೆ ಇಳಿಯುತ್ತಿರಲಿಲ್ಲ.

ಮರುದಿನ ಭಾನುವಾರ, ಇಲ್ಲಿ ಅದು ಡ್ಯೂಟಿಯ ಮೊದಲ ದಿನ. ಬೇಗ ಮಲಗಬೇಕಿತ್ತು. ಆದರೆ ರಿಯಾದಿನಲ್ಲಿ ಕರ್ನಾಟಕ ಸಂತೋಷ್ ಟ್ರೋಫಿಯ ಫೈನಲ್ ಆಡುತ್ತಿತ್ತು. ಹೌದು, ಸೌದಿಯ ರಿಯಾದಿನಲ್ಲೇ. ನಮ್ಮ ರಾಜ್ಯ ರಾಜ್ಯಗಳು ಕಾದಾಡುವ ಈ ಹಳೇ ಫುಟ್‌ಬಾಲ್ ಟ್ರೋಫಿಯ ಕೊನೆಯ ಪಂದ್ಯಗಳನ್ನು ಆ ವರ್ಷ ಮೊದಲ ಸಲ ದೇಶದ ಹೊರಗೆ, ಕಿಂಗ್ ಫಹದ್ ಸ್ಟೇಡಿಯಮ್ಮಿನಲ್ಲಿ ಇಟ್ಟಿದ್ದರು. ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು ಕೆಡವಿ ಬಂದ ನಮ್ಮವರ ಎದುರು ಮೇಘಾಲಯ ನಿಂತಿತ್ತು.

ಹಾವೇರಿ ಹುಡುಗ ಫೋನನ್ನು ಖಾಲಿ ನೀರಿನ ಬಾಟಲಿಗೆ ಒರಗಿಸಿ ಇಟ್ಟಿದ್ದ. ಆಟ ಶುರುವಾಗಿ ಎರಡೇ ನಿಮಿಷಕ್ಕೆ ಸುನಿಲ್ ಕುಮಾರ್ ಗೋಲು. ನಾವು ಕೂಗಿದ ಕೂಗಿಗೆ ಎದುರು ಕಟ್ಟಡದ ಮೂರನೇ ಮಹಡಿಯ ಕಿಟಕಿ ತೆರೆದು ಮುಚ್ಚಿತು. ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡಿತು. ಬೇಕೇ ಓರಾಂ ಎರಡನೆಯದು ಹೊಡೆದ. ವಿರಾಮಕ್ಕೆ ಹೋಗುವ ಹೊತ್ತಿಗೆ ರಾಬಿನ್ ಯಾದವ್ ಫ್ರೀ ಕಿಕ್ಕಿನಲ್ಲಿ ಮೂರನೆಯದು. 3-1.

ಹೆಸರುಗಳನ್ನು ಕೇಳಿಸಿಕೊಳ್ಳುತ್ತಿದ್ದ ಚಾಚಾ, “ಓರಾಂ, ಯಾದವ್… ಈ ಮಕ್ಕಳು ಎಲ್ಲೆಲ್ಲಿಂದ ಬಂದು ನಮಗೆ ಆಡ್ತಿದ್ದಾರೋ. ಆಡ್ಲಿ ಬಿಡು. ನಮ್ಮೋರು ಹೋಗಿ ಅವರಿಗೆ ಆಡಿಲ್ವಾ?” ಅಂದರು.

“ಯಾರು ಚಾಚಾ?”

“ಅಹ್ಮದ್ ಖಾನ್ ಗೊತ್ತಾ ಮಗಾ ನಿಂಗೆ?”

“ಯಾವ ಅಹ್ಮದ್ ಖಾನ್ ಚಾಚಾ? ಈ ಮಹಬೂಲಾದಲ್ಲೇ ನೂರು ಜನ ಸಿಗ್ತಾರೆ.”

ಚಾಚಾ ಉತ್ತರ ಕೊಡಲಿಲ್ಲ. ಚಿಮಟದಿಂದ ಒಂದು ಕೆಂಡವನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. ನಾನು ಹೇಳಬಾರದ್ದನ್ನು ಹೇಳಿದ್ದೆ ಅಂತ ಆಗ ಗೊತ್ತಾಯಿತು. ಅದೇ ಹೊತ್ತಿಗೆ ಫೋನಿನಲ್ಲಿ ಚಿತ್ರ ನಿಂತು ಚಕ್ರ ತಿರುಗತೊಡಗಿತು. ಹುಡುಗ ಎಷ್ಟು ಬಡಿದರೂ ನೆಟ್ಟು ಬರಲಿಲ್ಲ. ಆ ನೆಟ್ಟು ಕೈಕೊಟ್ಟದ್ದಕ್ಕೆ ನಾನು ಇವತ್ತಿಗೂ ಋಣಿ.

“ನಾನು ಕಣ್ಣಲ್ಲಿ ನೋಡಿದ್ದು ಕಮ್ಮಿ, ಕೇಳಿದ್ದು ಜಾಸ್ತಿ. ನಮ್ಮಪ್ಪ ಹೊಲಿಗೆ ಮಿಶಿನ್ ತುಳೀತಾ ಹೇಳ್ತಿದ್ರು. ಪೆಡಲ್ ನಿಂತ್ರೆ ಗೋಲ್ ಆಯ್ತು ಅಂತ ತಿಳ್ಕೋಬೇಕು,” ಅಂತ ಚಾಚಾ ಶುರು ಮಾಡಿದರು.

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ದಂಡಿನ ಜೊತೆಗೆ. ಕಂಟೋನ್ಮೆಂಟಿನಲ್ಲಿ ಗೋರಾ ಪಡೆಗಳು ಸಂಜೆ ಬೂಟು ಕಟ್ಟಿ ಆಡುತ್ತಿದ್ದವು. ಸುತ್ತಲಿನ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್‌ಗಳ ಹುಡುಗರು ಗೆರೆಯಾಚೆ ನಿಂತು ನೋಡಿ ಕಲಿತರು. ಆಟ ಕಲಿತರು, ಬೂಟು ಕೊಳ್ಳಲಿಲ್ಲ. ದುಡ್ಡಿರಲಿಲ್ಲ ಅನ್ನುವುದು ಒಂದು ಕಾರಣ. ಆದರೆ ಚಾಚಾ ಅದನ್ನು ಪೂರ್ತಿ ಒಪ್ಪುವವರಲ್ಲ. “ದುಡ್ಡು ಬಂದ ಮೇಲೂ ಹಾಕ್ಲಿಲ್ವಲ್ಲ? ಕಣ್ಣು ಕಟ್ಕೊಂಡು ಯಾರಾದ್ರೂ ಸೂಜಿಗೆ ದಾರ ಪೋಣಿಸ್ತಾರಾ? ಅವರಿಗೆ ಕಾಲಿಗೆ ಬೂಟ್ ಹಾಕೋದು ಅಂದ್ರೆ ಹಾಗೆ.” ಮುಂಗಾಲನ್ನೂ ಕಣಕಾಲನ್ನೂ ಬಟ್ಟೆಪಟ್ಟಿಯಿಂದ ಬಿಗಿದು, ಬೆರಳುಗಳನ್ನು ಮಾತ್ರ ಬಿಟ್ಟು ಆಡುತ್ತಿದ್ದರಂತೆ. ಪಟ್ಟಿ ಸುತ್ತುವ ರೀತಿಯನ್ನು ಚಾಚಾ ತಮ್ಮ ಮಫ್ಲರಿನಲ್ಲೇ ತೋರಿಸಿದರು. ಹಿಮ್ಮಡಿಯಿಂದ ಶುರು ಮಾಡಿ, ಎಂಟರ ಆಕಾರದಲ್ಲಿ ಪಾದದ ಕೆಳಗಿಂದ ತಂದು, ಕಣಕಾಲಿನ ಮೇಲೆ ಗಂಟು.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು. 1891ರಿಂದ ಬ್ರಿಟಿಷ್ ಪಡೆಗಳ ಕೈಯಲ್ಲೇ ಇದ್ದ ಕಪ್ಪು. ಅದನ್ನು ಎತ್ತಿದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು. ಮರುವರ್ಷ ಮತ್ತೆ ಗೆದ್ದರು. ಕಲ್ಕತ್ತೆ ಅಂದರೆ ಫುಟ್‌ಬಾಲ್, ಬೆಂಗಳೂರು ಅಂದರೆ ಕ್ರಿಕೆಟ್ ಎಂದು ಈಗ ನಾವೇ ನಂಬಿಬಿಟ್ಟಿದ್ದೇವೆ. ಆದರೆ 1946ರಲ್ಲಿ ಸಂತೋಷ್ ಟ್ರೋಫಿಯನ್ನು ಮೈಸೂರು ಕಸಿದುಕೊಂಡದ್ದು ಬಂಗಾಳದ ಕೈಯಿಂದಲೇ.

ಆ ಮೊದಲ ರೋವರ್ಸ್ ಕಪ್ ಬಂದಾಗ ಅಹ್ಮದ್ ಖಾನ್ ಹತ್ತು ಹನ್ನೊಂದರ ಹುಡುಗ. 1926ರಲ್ಲಿ ಹುಟ್ಟಿದವನು. ಬೆಂಗಳೂರು ಕ್ರೆಸೆಂಟ್ಸ್, ಆಮೇಲೆ ಬೆಂಗಳೂರು ಮುಸ್ಲಿಮ್ಸ್. ಇನ್‌ಸೈಡ್ ಲೆಫ್ಟ್ ಜಾಗ. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೊರಟ ಸ್ವತಂತ್ರ ಭಾರತದ ಮೊದಲ ತಂಡದಲ್ಲಿ ಅವನ ಹೆಸರಿತ್ತು. ಅವನ ಜೊತೆಗೆ ಬೆಂಗಳೂರಿನ ಗಲ್ಲಿಗಳಲ್ಲಿ ಆಡಿದವರು ಇನ್ನೂ ಕೆಲವರು: ಸಾರಂಗಪಾಣಿ ರಾಮನ್, ಧನರಾಜ್, ಬಷೀರ್. (ಆ ತಂಡದ ಗೋಲ್‌ಕೀಪರುಗಳಲ್ಲಿ ಒಬ್ಬರು ಸಂಜೀವ ಉಚ್ಚಿಲ್. ಕರಾವಳಿಯವನಾದ ನಾನು ಆ ಹೆಸರನ್ನು ಮೊದಲ ಸಲ ಓದಿದಾಗ ಮನೆಯವರ ಹೆಸರು ಪೇಪರಿನಲ್ಲಿ ಕಂಡಷ್ಟು ಹಿಗ್ಗಿದ್ದೆ. ಚಾಚಾ ಅವರ ಮಾತನ್ನು ತಡೆಯುವ ಹಾಗಿರಲಿಲ್ಲವಾದ್ದರಿಂದ ಸುಮ್ಮನಿದ್ದೆ.)

ಜುಲೈ 31, ಲಂಡನ್ನಿನ ಇಲ್ಫರ್ಡ್. ಎದುರಾಳಿ ಫ್ರಾನ್ಸ್. ಭಾರತದ ಹನ್ನೊಂದರಲ್ಲಿ ಹೆಚ್ಚಿನವರು ಬರಿಗಾಲಿನವರು. ಫ್ರಾನ್ಸ್ ಒಂದು ಗೋಲು ಮುಂದಿದ್ದಾಗ ಬೆಂಗಳೂರಿನ ರಾಮನ್ ಸಮ ಮಾಡಿದ. ಒಲಿಂಪಿಕ್ಸಿನಲ್ಲಿ ಭಾರತ ಹೊಡೆದ ಮೊದಲ ಗೋಲು ಅದು. ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಹಾಳಾದವು. ಕೊನೇ ಗಳಿಗೆಯಲ್ಲಿ ಫ್ರಾನ್ಸ್ ಮತ್ತೊಂದು ಹೊಡೆದು 2-1ರಿಂದ ಗೆದ್ದಿತು.

“ಎರಡು ಪೆನಾಲ್ಟಿ!” ಅಂದ ಹಾವೇರಿ ಹುಡುಗ, ನಿನ್ನೆ ಮೊನ್ನೆ ನಡೆದದ್ದೇನೋ ಎಂಬಂತೆ ಹಣೆ ಚಚ್ಚಿಕೊಂಡ.

“ಅಪ್ಪನ ಪೆಡಲ್ ಅಲ್ಲಿ ಎರಡು ಸಲ ನಿಲ್ತಿತ್ತು,” ಅಂದರು ಚಾಚಾ.

ಲಂಡನ್ನಿನಿಂದ ಬಂದವನನ್ನು ಕಲ್ಕತ್ತೆ ಬಿಡಲಿಲ್ಲ. ಬೆಂಗಳೂರಿನಿಂದ ಆಟಗಾರರನ್ನು ಎತ್ತಿಕೊಂಡು ಹೋಗುವುದು ಅಲ್ಲಿಗೆ ಹೊಸದೇನಲ್ಲ. 1934ರಿಂದ ಐದು ವರ್ಷ ಬಿಡದೆ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಆ ದಾರಿ ಹಾಕಿಕೊಟ್ಟಿತ್ತು. ಈಗ ಬಂದದ್ದು ಈಸ್ಟ್ ಬೆಂಗಾಲ್ ಕ್ಲಬ್ಬಿನ ಕರೆ. 1949ರಲ್ಲಿ ಅಹ್ಮದ್ ಖಾನ್ ಅಲ್ಲಿಗೆ ಹೋದ.

“ಈಸ್ಟ್ ಬೆಂಗಾಲ್” ಎಂಬ ಮಾತು ಬಿದ್ದದ್ದೇ ಹಾರಿಸ್ ತಲೆ ಎತ್ತಿದ. ಅಲ್ಲಿಯವರೆಗೆ ಅವನು ಚಹಾದ ಪಾತ್ರೆಯನ್ನೇ ನೋಡುತ್ತಿದ್ದ. ನಮ್ಮ ಕನ್ನಡ ಅವನಿಗೆ ಅರ್ಥವಾಗದು. ಎರಡು ಶಬ್ದ ಸಾಕಾಯಿತು. ಹಿಂದಿಯಲ್ಲಿ ಕೇಳಿದ: ಅದು ಕಲ್ಕತ್ತೆಯ ಕ್ಲಬ್ಬು ತಾನೇ, ಕೆಂಪು ಹಳದಿ? ಅವನ ತಾತನ ತಮ್ಮ ದೇಶ ಒಡೆದಾಗ ಆಚೆ ಹೋದವನು, ಆ ಕ್ಲಬ್ಬಿನ ಹೆಸರಿನಲ್ಲಿ ಜಗಳ ಮಾಡಿ ಹಲ್ಲು ಮುರಿಸಿಕೊಂಡವನು ಅಂತ ಮನೆಯಲ್ಲಿ ಹೇಳುತ್ತಿದ್ದರಂತೆ. ಚಾಚಾ ಅಲ್ಲಿಂದ ಮುಂದೆ ಕಥೆಯನ್ನು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿದರು. ನನಗೆ ಅನ್ನಿಸುತ್ತದೆ, ಆ ರಾತ್ರಿ ಆ ಕಥೆಗೆ ನಿಜವಾದ ಕೇಳುಗ ಸಿಕ್ಕಿದ್ದೇ ಆಗ.

ಯಾಕೆಂದರೆ ಆ ಕ್ಲಬ್ಬು ಯಾರದು? 1920ರಲ್ಲಿ, ಕಲ್ಕತ್ತೆಯಲ್ಲಿ ನೆಲೆಸಿದ್ದ ಪೂರ್ವ ಬಂಗಾಳದವರು ಕಟ್ಟಿಕೊಂಡದ್ದು. 1947ರ ನಂತರ ಅದೇ ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ಜನ ಮನೆಮಠ ಬಿಟ್ಟು ಬಂದರು. ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರಮ್ಮೇ ಎಷ್ಟೋ ಜನರ ಮನೆಯಾಯಿತು. ಊರು ಹೋಯಿತು, ಗದ್ದೆ ಹೋಯಿತು, ನದಿ ಹೋಯಿತು. ಊರಿನ ಹೆಸರಿನಲ್ಲಿ ಉಳಿದದ್ದು ಒಂದು ಫುಟ್‌ಬಾಲ್ ಕ್ಲಬ್ಬು. ಅದು ಸೋತರೆ ಒಲೆ ಹಚ್ಚದ ಮನೆಗಳಿದ್ದವು, ಗೆದ್ದರೆ ಸಾಲ ಮಾಡಿಯಾದರೂ ಇಲಿಶ್ ಮೀನು ತರುವ ಮನೆಗಳಿದ್ದವು. ಅಂಥವರಿಗಾಗಿ ಆಡಿದವರು ಯಾರು? ಬಂಗಾಳದವರೇ ಅಲ್ಲದ ಐದು ಜನ ದಕ್ಷಿಣದವರು.

ಹಾಫ್ ಬ್ಯಾಕ್‌ಗಳ ಮುಂದೆ ಐವರು ಸಾಲಾಗಿ ನಿಂತು ದಾಳಿ ಮಾಡುವ ಕಾಲ ಅದು. ಬಲತುದಿಗೆ ವೆಂಕಟೇಶ್, ಪಕ್ಕದಲ್ಲಿ ಕಾಕಿನಾಡದ ಅಪ್ಪಾರಾವ್, ನಡುವೆ ನಮ್ಮ ಧನರಾಜ್, ಅವನ ಎಡಕ್ಕೆ ಅಹ್ಮದ್ ಖಾನ್, ಎಡತುದಿಗೆ ಕೇರಳದ ಸಾಲೆಹ್. ಕಲ್ಕತ್ತೆಯ ಜನ ಅವರನ್ನು ಪಂಚಪಾಂಡವರು ಅಂತ ಕರೆದರು. 1949ರಲ್ಲೇ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಮೂರನ್ನೂ ಗೆದ್ದರು. ಶೀಲ್ಡನ್ನು ಆ ವರ್ಷದಿಂದ ಮೂರು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ.

“ಪಾಂಡವರಲ್ಲಿ ಇಬ್ಬರು ಮುಸಲ್ಮಾನರು ನೋಡು,” ಅಂದು ಚಾಚಾ ಬೊಚ್ಚುಬಾಯಿ ಬಿಟ್ಟು ನಕ್ಕರು. “ದೇಶ ಒಡೆದು ಎರಡು ವರ್ಷ ಆಗಿತ್ತು ಅಷ್ಟೇ. ಅಲ್ಲಿಂದ ಓಡಿ ಬಂದ ಹಿಂದೂಗಳು ಇವನನ್ನ ಹೆಗಲ ಮೇಲೆ ಹೊತ್ಕೊಂಡು ಕುಣೀತಿದ್ರು. ಕಾಲಿಗೆ ಜಾತಿ ಎಲ್ಲಿಂದ ಬರ್ಬೇಕು?”

ಇದನ್ನು ನಾನು ಇನ್ನೂ ಚಂದ ಮಾಡಿ ಬರೆಯಬಹುದು, ಬೇಡ. ಕಲ್ಕತ್ತೆಯೇನೂ ಆಗ ಸ್ವರ್ಗವಾಗಿರಲಿಲ್ಲ. 1946ರ ಕೋಮುಗಲಭೆಯ ರಕ್ತ ಒಣಗಿ ಬಹಳ ದಿನವಾಗಿರಲಿಲ್ಲ. ಮೈದಾನದ ಗೆರೆಯೊಳಗೆ ಅಷ್ಟಾದರೂ ಆಯಿತು, ಅಷ್ಟೇ.

ದುಡ್ಡಿನ ವಿಷಯಕ್ಕೆ ಬಂದಾಗ ಹಾವೇರಿ ಹುಡುಗನಿಗೆ ಆಸಕ್ತಿ ಹೆಚ್ಚಿತು. ಎಷ್ಟು ಸಂಬಳ ಚಾಚಾ? ಎಷ್ಟು ದಿನಾರ್?

ದಿನಾರಿನ ಮಾತಿಗೆ ಚಾಚಾಗೆ ಇನ್ನೊಂದು ನೆನಪಾಯಿತು. ಅಹ್ಮದ್ ಖಾನ್ ಆಡುತ್ತಿದ್ದ ಕಾಲಕ್ಕೆ ಕುವೈತಿನಲ್ಲೂ ಓಡುತ್ತಿದ್ದದ್ದು ನಮ್ಮ ರೂಪಾಯಿಯೇ. ದಿನಾರ್ ಬಂದದ್ದು 1961ರಲ್ಲಿ. ನಾವು ಕೂತ ಜಾಗದಿಂದ ಹೆಚ್ಚು ದೂರವಿಲ್ಲದ ಅಹ್ಮದಿ ಬಂದರಿನಿಂದ ಎಣ್ಣೆಯ ಮೊದಲ ಹಡಗು ಹೊರಟದ್ದು 1946ರಲ್ಲಿ. ಆಗಿನ್ನೂ ಹೊಟ್ಟೆಪಾಡಿಗೆ ಕಲ್ಕತ್ತೆ, ಮುಂಬಯಿ ಅನ್ನುತ್ತಿದ್ದರು, ಗಲ್ಫ್ ಅನ್ನುವವರು ಅಪರೂಪ.

ಸಂಬಳವೆಂಬ ಸಂಬಳ ಕಾಗದದ ಮೇಲೆ ಇರಲಿಲ್ಲ. ರೂಲು ಪ್ರಕಾರ ಎಲ್ಲರೂ ಹವ್ಯಾಸಿಗಳು. ದುಡ್ಡಿಗೆ ಆಡುವವನಿಗೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತ್ತು. ಹಾಗಾಗಿ ಕ್ಲಬ್ಬಿನವರು ಕೈಗೆ ಕೊಡುತ್ತಿದ್ದದ್ದಕ್ಕೆ ರಶೀದಿಯಿಲ್ಲ. ಇರುವುದಕ್ಕೆ ಮೆಸ್ಸು, ಊಟ, ಕೆಲವರಿಗೆ ಆಫೀಸಿನಲ್ಲಿ ಹೆಸರಿಗೊಂದು ಕೆಲಸ. ಸೀಸನ್ ಮುಗಿದು ಹೊಸ ಕ್ಲಬ್ಬಿಗೆ ಸಹಿ ಹಾಕುವ ದಿನಗಳು ಬಂದರೆ ಆಟಗಾರನೇ ಮಾಯ. ಎದುರು ಪಾರ್ಟಿಯವರು ಹಾರಿಸಿಕೊಂಡು ಹೋದಾರೆಂದು ಯಾರೋ ಅಭಿಮಾನಿಯ ಮನೆಯ ಕೋಣೆಯಲ್ಲಿ ಕೂರಿಸಿ, ಬಾಗಿಲಿಗೆ ಇಬ್ಬರನ್ನು ನಿಲ್ಲಿಸಿ, ಸಹಿಯ ದಿನ ಟ್ಯಾಕ್ಸಿಯಲ್ಲಿ ನೇರ ಆಫೀಸಿಗೆ ಇಳಿಸುತ್ತಿದ್ದರು. ಕಲ್ಕತ್ತೆಯ ಈ ‘ದಳಬದಲ’ದ, ಅಂದರೆ ಕ್ಲಬ್ಬು ಬದಲಿಸುವ ಕಥೆಗಳು ಫುಟ್‌ಬಾಲಿಗಿಂತ ಸ್ವಾರಸ್ಯ.

“ಅಂದ್ರೆ ಕಫೀಲ್ ಅನ್ನಿ,” ಅಂದ ಹುಡುಗ, ವೀಸಾ ಕೈಯಲ್ಲಿಟ್ಟುಕೊಂಡ ಇಲ್ಲಿನ ಮಾಲೀಕನನ್ನು ನೆನೆದು. “ರಿಲೀಸ್ ಕೊಡಲ್ಲ.”

“ಕಫೀಲೇ! ಆದ್ರೆ ದಿನಾ ಸಂಜೆ ಸಾವಿರಾರು ಜನ ಕಫೀಲ್‌ನ ಎದುರಿಗೇ ನಿನ್ನ ಹೆಸರು ಕೂಗ್ತಾರೆ. ನಿನಗೆ ಯಾರು ಕೂಗ್ತಾರೆ, ಎಸಿ ರಿಪೇರಿ ಆದ್ರೆ?”

ನನಗೆ ಆ ಮಾತು ತಾಗಿತು, ಹುಡುಗನಿಗೆ ತಾಗಲಿಲ್ಲ. ಅವನು ಫೋನ್ ಬಡಿಯುತ್ತಿದ್ದ. ಊರಿನಿಂದ ಯಾರೋ ಮೆಸೇಜು ಹಾಕಿದ್ದರು: ಮೇಘಾಲಯ ಇನ್ನೊಂದು ಹೊಡೆಯಿತು, 3-2. ಇನ್ನು ಅರ್ಧ ಗಂಟೆ ಇದೆ.

ಹಾರಿಸ್ ಎದ್ದು ಹೋಗಿ ಇದ್ದಿಲು ತಂದ. ಬರುವಾಗ ಬಕಾಲಾ ಅಂಗಡಿಯಿಂದ ಅರ್ಧ ಕಿಲೋ ಕಿತ್ತಳೆಯನ್ನೂ ತಂದಿದ್ದ. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

1950ರ ವಿಶ್ವಕಪ್ಪಿನ ಮಾತು ಬಂತು. ಬರ್ಮಾ, ಇಂಡೋನೇಷ್ಯಾ, ಫಿಲಿಪೀನ್ಸ್ ಹಿಂದೆ ಸರಿದದ್ದರಿಂದ ಭಾರತಕ್ಕೆ ಬ್ರೆಜಿಲಿನ ದಾರಿ ತಾನಾಗಿ ತೆರೆದಿತ್ತು, ನಾವು ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವಾದ್ದರಿಂದ ಹೋಗಲಿಲ್ಲ ಅಂತ ಚಾಚಾ ಹೇಳಿದರು. ಅಲ್ಲ, ಅದು ಆಮೇಲೆ ಹುಟ್ಟಿದ ಕಥೆ, ನಮ್ಮ ಫೆಡರೇಷನ್ನಿಗೆ ವಿಶ್ವಕಪ್ಪಿನ ಬೆಲೆ ಗೊತ್ತಿರಲಿಲ್ಲ, ಒಲಿಂಪಿಕ್ಸೇ ದೊಡ್ಡದಾಗಿತ್ತು ಅಂತ ನಾನು ವಾದಿಸಿದೆ. ಈಗಲೂ ನನ್ನ ಮಾತೇ ಸರಿ ಅನ್ನುತ್ತೇನೆ. ಚಾಚಾ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ಯಾವ ಕಾರಣ ಆದ್ರೇನು? ಇಪ್ಪತ್ಮೂರು ವರ್ಷದ ಹುಡುಗ ಬ್ರೆಜಿಲ್ ನೋಡ್ಲಿಲ್ಲ.”

ಮರುವರ್ಷ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದು ಗೋಲಿನಿಂದ ಇರಾನ್ ಸೋತಿತು, ಭಾರತಕ್ಕೆ ಚಿನ್ನ. ಆ ತಂಡದಲ್ಲೂ ಅಹ್ಮದ್ ಖಾನ್ ಇದ್ದ. ಚಾಚಾ ಇದನ್ನು ಬೇಗ ದಾಟಿಬಿಟ್ಟರು. ಗೆದ್ದದ್ದನ್ನು ಹೇಳುವುದರಲ್ಲಿ ಅವರಿಗೆ ಅಂಥ ರುಚಿ ಇರಲಿಲ್ಲ. ಅವರಿಗೆ ಬೇಕಾದದ್ದು ಹೆಲ್ಸಿಂಕಿ ಒಲಿಂಪಿಕ್ಸ್.

1952ರ ಜುಲೈ 15. ಫಿನ್ಲೆಂಡಿನ ಜುಲೈ ಅಂದರೆ ನಮ್ಮ ಬೆಂಗಳೂರಿನ ಡಿಸೆಂಬರಿಗಿಂತ ಚಳಿ. ಎದುರಿಗೆ ಯುಗೋಸ್ಲಾವಿಯ, ಆ ಸಲ ಬೆಳ್ಳಿ ಗೆದ್ದ ತಂಡ. ತಣ್ಣಗಿನ ಹುಲ್ಲಿನ ಮೇಲೆ ನಮ್ಮವರಲ್ಲಿ ಹಲವರು ಬರಿಗಾಲು.

ಚಾಚಾ ಚಪ್ಪಲಿ ಬಿಟ್ಟರು. ಕಾಲುಚೀಲ ಕಳಚಿದರು. ಒಂದು ಕಿತ್ತಳೆಯನ್ನು ಮರಳಿನ ಮೇಲೆ ಇಟ್ಟು, ಹಾರಿಸ್‌ನ ಭುಜ ಹಿಡಿದುಕೊಂಡು ಎದ್ದು ನಿಂತರು. ಎಪ್ಪತ್ತೊಂಬತ್ತರ ಪಾದ, ಉಗುರು ಹಳದಿಗಟ್ಟಿತ್ತು, ಹೆಬ್ಬೆರಳು ಒಂದು ಕಡೆ ವಾಲಿತ್ತು. ಆ ಹೆಬ್ಬೆರಳು ಮೊದಲು ಕಿತ್ತಳೆಯ ನೆತ್ತಿಯನ್ನು ಮುಟ್ಟಿತು, ಬಿಸಿ ಇದೆಯೋ ಇಲ್ಲವೋ ನೋಡುವ ಹಾಗೆ. ಆಮೇಲೆ ಅಂಗಾಲು ಅದರ ಮೇಲೆ ಕೂತಿತು. ಹಣ್ಣು ಹಿಂದಕ್ಕೆ ಉರುಳಿತು, ಎಡಕ್ಕೆ ಸರಿಯಿತು, ನಿಂತಿತು. ಚಾಚಾರ ಸೊಂಟ ಮಾತ್ರ ಬಲಕ್ಕೆ ಹೋಗಿತ್ತು. ಎದುರು ಕೂತ ನಾನು, ಕೂತಲ್ಲೇ, ಬಲಕ್ಕೆ ವಾಲಿದ್ದೆ.

“ನೋಡ್ದಾ? ನೀನು ಆ ಕಡೆ ಹೋದೆ. ಹಣ್ಣು ಇಲ್ಲೇ ಇದೆ.”

ಅಹ್ಮದ್ ಖಾನ್‌ನನ್ನು ಹಾವಾಡಿಗ ಅಂತ ಕರೆಯುತ್ತಿದ್ದರು. ಕಾಲಿನ ಮುಂದೆ ಚೆಂಡು ಹೆಡೆಯಾಡಿಸಿದ ಹಾಗೆ ಆಡುತ್ತಿತ್ತಂತೆ. ವೇಗದ ಓಟಗಾರನಲ್ಲ, ಭಾರೀ ಆಳೂ ಅಲ್ಲ. ಇದ್ದದ್ದು ಈ ಒಂದು ವಿದ್ಯೆ, ಎದುರಾಳಿಯನ್ನು ಅವನ ಕಾಲಿನಿಂದಲೇ ತಪ್ಪು ದಾರಿಗೆ ಕಳಿಸುವುದು.

ಆ ವಿದ್ಯೆ ಹೆಲ್ಸಿಂಕಿಯಲ್ಲಿ ನಡೆಯಲಿಲ್ಲ. ಒಂದಾದ ಮೇಲೆ ಒಂದು ಗೋಲು ಬಿತ್ತು. ಹತ್ತು. ಭಾರತದ ಪೇಪರುಗಳು ಮುಖ ಮುಚ್ಚಿಕೊಳ್ಳಬೇಕಾದ ಹತ್ತು. ಆಟ ಮುಗಿಯಲು ಒಂದು ನಿಮಿಷ ಇದೆ ಅನ್ನುವಾಗ ಅಹ್ಮದ್ ಖಾನ್ ಒಂದು ಹೊಡೆದ.

ಚಾಚಾ ಕೂತರು. “ಹತ್ತು ಬಿದ್ದ ಮೇಲೆ ಯಾರು ಓಡ್ತಾರೆ ಮಗಾ? ಗೆಲ್ಲಲ್ಲ, ಡ್ರಾ ಆಗಲ್ಲ, ಕಾಲು ಮರಗಟ್ಟಿದೆ, ಇನ್ನೊಂದು ನಿಮಿಷ ನಿಂತ್ರೆ ಬಿಸಿ ನೀರು ಸಿಗುತ್ತೆ. ಅವನು ಓಡ್ದ. ನಮ್ಮಪ್ಪ ಹೇಳೋರು, ದುನಿಯಾ ಪೂರ್ತಿ ಹತ್ತನ್ನ ನೆನಪಿಟ್ಕೊಳ್ಳುತ್ತೆ, ನೀನು ಆ ಒಂದನ್ನ ನೆನಪಿಟ್ಕೋ.”

ಆ ಸೋಲಿನ ಬಳಿಕವೇ ನಮ್ಮ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಬರಿಗಾಲಿನ ಕಾಲ ಅಲ್ಲಿಗೆ ಮುಗಿಯಿತು. ಬರಿಗಾಲಿನಲ್ಲಿ ಬೆಳೆದ ಅಹ್ಮದ್ ಖಾನ್ ಬೂಟು ಹಾಕಿ ಮುಂದೆಯೂ ಆಡಿದ. ಐವತ್ತರ ದಶಕದ ಕೊನೆಯ ತನಕ ಈಸ್ಟ್ ಬೆಂಗಾಲಿನಲ್ಲೇ. ಆಮೇಲೆ ಬೆಂಗಳೂರಿಗೆ ವಾಪಸು. ಅವನ ದಾರಿಯಲ್ಲೇ ಮುಂದೆ ಕೆಂಪಯ್ಯ, ಅರುಮೈನಾಯಗಂ, ಉಲಗನಾಥನ್ ಮೊದಲಾದವರು ಬೆಂಗಳೂರಿನಿಂದ ಕಲ್ಕತ್ತೆಯ ರೈಲು ಹತ್ತಿದರು, ಅವರು ಹೆಚ್ಚಾಗಿ ಮೋಹನ್ ಬಾಗಾನಿಗೆ. ಎಲ್ಲರೂ ಹೋಗಲಿಲ್ಲ; ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳು ಕೆಲಸ ಕೊಟ್ಟು ತಂಡ ಕಟ್ಟಿದ್ದರಿಂದ ಎಷ್ಟೋ ಕಾಲುಗಳು ಊರಿನಲ್ಲೇ ಉಳಿದವು. ಪಿಂಚಣಿ ಇರುವ ಕೆಲಸವೋ, ಹೆಸರು ಕೂಗುವ ಜನವೋ? ಬೆಂಗಳೂರಿನ ಒಂದು ತಲೆಮಾರಿನ ಮನೆಗಳಲ್ಲಿ ಅದು ದೊಡ್ಡ ಪ್ರಶ್ನೆಯಾಗಿತ್ತು. ಚಾಚಾ ಕೂಡ ಸ್ವಲ್ಪ ಆಡುತ್ತಿದ್ದರಂತೆ. ಕಾರ್ಖಾನೆಯವರು ತೆಗೆದುಕೊಳ್ಳಲಿಲ್ಲ, ಕಲ್ಕತ್ತೆಯವರು ಕೇಳಲಿಲ್ಲ, ಹಡಗು ಹತ್ತಿದರು.

ಆಗಲೇ ಹಾವೇರಿ ಹುಡುಗ ಕೂಗಿದ್ದು. ನೆಟ್ಟು ಬಂದಿತ್ತು, ಚಿತ್ರದಲ್ಲಿ ನಮ್ಮ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. 3-2. ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತ್ತು, 54 ವರ್ಷಗಳ ಮೇಲೆ. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಮೈಸೂರು. ಚಾಚಾ ಇನ್ನೂ ಹಡಗು ಹತ್ತಿರಲಿಲ್ಲ. ಹುಡುಗ ಕುಣಿದ, ನಾನು ಕುಣಿದೆ, ಏನೂ ಅರ್ಥವಾಗದ ಹಾರಿಸ್ ಕೂಡ ಕುಣಿದ. ಮೂರನೇ ಮಹಡಿಯ ಕಿಟಕಿ ಮತ್ತೆ ತೆರೆಯಿತು, ಈ ಸಲ ಬೈಗುಳವೂ ಬಂತು. ಚಾಚಾ ಮರಳು ಮೆತ್ತಿದ ಕಿತ್ತಳೆಯನ್ನು ಒರೆಸಿ, ಸುಲಿದು, ನಾಲ್ಕು ಪಾಲು ಮಾಡಿದರು.

ಮೇಲೆ ಹೋಗುವ ಮುಂಚೆ ಅವರು ತಮ್ಮ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಹಳೇ ಫೋಟೋವನ್ನು ಗೋಡೆಯ ಮೇಲಿದ್ದ ಹಾಗೆಯೇ ತೆಗೆದದ್ದು. ಗಾಜಿನ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದಿದೆ. ಶಿವಾಜಿನಗರದ ಯಾವುದೋ ಗಲ್ಲಿ ತಂಡ, ಐವತ್ತರ ದಶಕದ್ದು. ಹನ್ನೊಂದು ಜನ, ಒಂಬತ್ತು ಜೋಡಿ ಬರಿಗಾಲು. ನಿಂತವರಲ್ಲಿ ಎಡದಿಂದ ಎರಡನೆಯವರು ಅವರ ಅಪ್ಪ. ಬೆರಳಿಟ್ಟು ಒಬ್ಬೊಬ್ಬರ ಹೆಸರು ಹೇಳುತ್ತ ಹೋದರು. ಎಂಟಕ್ಕೆ ನಿಂತಿತು. ಉಳಿದ ಮೂವರ ಮುಖದ ಮೇಲೆ ಬೆರಳು ಸುತ್ತಿ ಸುತ್ತಿ ಬಂತು. “ಅಪ್ಪ ಹೇಳಿದ್ರು. ಮರ್ತೋಯ್ತು,” ಅಂದರು.

ಆ ಬೇಸಗೆಯಲ್ಲಿ ಚಾಚಾ ಊರಿಗೆ ಹೋದರು, ಅಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ಮತ್ತೆ ಮಾಡಿಸಲಿಲ್ಲ. ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮತ್ತು ಕುವೈತ್ ದಕ್ಷಿಣ ಏಷ್ಯಾದ ಸ್ಯಾಫ್ ಫುಟ್‌ಬಾಲ್ ಟೂರ್ನಿಯ ಫೈನಲ್ ಆಡಿದವು. ಮೊಮ್ಮಗ ಅವರನ್ನು ಕರೆದುಕೊಂಡು ಹೋಗಿದ್ದ. 1-1 ಆಗಿ ಪೆನಾಲ್ಟಿಗೆ ಹೋಯಿತು; ಭಾರತ 5-4ರಿಂದ ಗೆದ್ದಿತು. ರಾತ್ರಿ ಫೋನ್ ಮಾಡಿದ್ದರು. “ಕುವೈತ್ ಮೊದಲ ಗೋಲ್ ಹೊಡೆದಾಗ ನನ್ನ ಕೈ ಅರ್ಧ ಮೇಲೆದ್ದುಬಿಟ್ಟಿತು ಮಗಾ. ಪಕ್ಕದೋನು ನೋಡ್ದ. ತಲೆ ಕೆರ್ಕೊಂಡೆ.”

ನವೆಂಬರ್ 16ಕ್ಕೆ ಅದೇ ಎರಡು ತಂಡ ಇಲ್ಲಿನ ಜಾಬರ್ ಸ್ಟೇಡಿಯಮ್ಮಿನಲ್ಲಿ ಎದುರಾದವು, ವಿಶ್ವಕಪ್ ಅರ್ಹತಾ ಪಂದ್ಯ. ಮಹಬೂಲಾ, ಮಂಗಾಫ್, ಫಹಾಹೀಲ್‌ಗಳಿಂದ ವ್ಯಾನು ವ್ಯಾನು ಜನ ಹೋದೆವು. 75ನೇ ನಿಮಿಷದಲ್ಲಿ ಮನ್ವೀರ್ ಸಿಂಗ್ ಗೋಲು, 1-0. ಡ್ರೈವರುಗಳು, ನರ್ಸುಗಳು, ಕ್ಲೀನಿಂಗ್ ಕಂಪನಿಯ ಹುಡುಗರು ಒಂದೇ ಹೆಸರನ್ನು ಕೂಗಿದ ಕೂಗನ್ನು ಕೇಳಿದ ಮೇಲೆ, ಸಿಯಾಲ್ದಾದ ಪ್ಲಾಟ್‌ಫಾರಮ್ಮಿನವರು ಮೈದಾನದಲ್ಲಿ ಯಾಕೆ ಹಾಗೆ ಕೂಗುತ್ತಿದ್ದರು ಅನ್ನುವುದು ನನಗೆ ಸ್ವಲ್ಪ ತಿಳಿಯಿತು. ಅಹ್ಮದ್ ಖಾನ್ ಬೆಂಗಳೂರಿನಲ್ಲಿ ತೀರಿಕೊಂಡದ್ದು 2017ರ ಆಗಸ್ಟ್ 27ರಂದು. ಆಗ ನಾನು ಮಹಬೂಲಾದಲ್ಲೇ ಇದ್ದೆ, ದಿನಾ ಪೇಪರ್ ಓದುತ್ತಿದ್ದೆ. ನನ್ನ ಕಣ್ಣಿಗೆ ಆ ಸುದ್ದಿ ಬೀಳಲಿಲ್ಲ.

ಚಾಚಾ ಆ ಫೋಟೋವನ್ನು ನನಗೂ ಕಳಿಸಿದ್ದಾರೆ. ಎಂಟು ಹೆಸರು ಬರೆದುಕೊಂಡಿದ್ದೇನೆ. ಮೂರು ಜಾಗ ಖಾಲಿ. ಹಲಸೂರಿನಲ್ಲೋ ಆಸ್ಟಿನ್ ಟೌನಿನಲ್ಲೋ ಶಿವಾಜಿನಗರದಲ್ಲೋ ನಿಮ್ಮ ಮನೆಯ ಗೋಡೆಯ ಮೇಲೆ ಅಂಥದ್ದೊಂದು ಫೋಟೋ ಇದ್ದರೆ, ಹೇಳುವವರು ಇರುವಾಗಲೇ ಅದನ್ನು ಇಳಿಸಿ, ಹಿಂದೆ ಪೆನ್ಸಿಲಿನಲ್ಲಿ ಹನ್ನೊಂದೂ ಹೆಸರು ಬರೆದಿಡಿ.